ಡಜನ್ನಿಗಿಷ್ಟು

ಮೇಜು ಚೆನ್ನಾಗಿ ಕಾಣುತ್ತಿದೆ ಒರ್ನೆಲ್ಲಾ, ಸುಳ್ಳು ಹೇಳುವುದಿಲ್ಲ.
ಇಷ್ಟು ದೊಡ್ಡ ಹಜಾರ, ಬಿಳಿ ದೀಪ,
ಸುತ್ತ ಕೆಂಪು ಹಗ್ಗ, ಮುಟ್ಟಬಾರದೆಂಬ ಫಲಕ.
ನಲವತ್ತು ವರ್ಷ ಇದರ ಮೇಲೆ ಬದನೆಕಾಯಿ ಹೆಚ್ಚಿದ್ದೇನೆ,
ಹಿಟ್ಟು ನಾದಿದ್ದೇನೆ, ಮಗುವಿನ ಬಟ್ಟೆ ಬದಲಿಸಿದ್ದೇನೆ,
ಆಮೇಲೆ ಎಣ್ಣೆ ಒರೆಸಿ, ಹಳೇ ದುಪ್ಪಟಿ ಹಾಸಿ
ಮೇಕೆಮರಿಯ ಚರ್ಮ ಹರಡಿದ್ದೇನೆ.
ಕಲೆ ಬಿದ್ದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು.
ಯಾವಾಗ ವಾಪಸು ಕೊಡುತ್ತೀ?
ಮೂರು ವಾರದಿಂದ ನಾನೂ ಅತ್ತೆಯೂ
ತಟ್ಟೆ ತೊಡೆಯ ಮೇಲಿಟ್ಟು ಉಣ್ಣುತ್ತಿದ್ದೇವೆ.

ತಲೆಯೆತ್ತಿದರೆ ಕೈಗವಸು. ಸೂರಿನಿಂದ ಇಳಿಬಿಟ್ಟ ಮುನ್ನೂರು,
ಎಲ್ಲ ಎಡಗೈ, ಬಾವಲಿಗಳ ಹಾಗೆ.
ಬಲಗೈ ಎಲ್ಲಿ ಎಂದು ಗಡ್ಡದವನೊಬ್ಬ ಕೇಳಿದ.
ಕೊಂಡವರ ಬಳಿ ಇದೆ, ಅಂದೆ ನೀನು.
ಎಲ್ಲರೂ ಇಗರ್ಜಿಯಲ್ಲಿ ನಿಂತ ಹಾಗೆ ಹೂಂಗುಟ್ಟಿದರು.
ನನಗೆ ನಗು ತಡೆಯಲಿಲ್ಲ.
ನೂರು ಬಲಗೈ ನನ್ನ ಮಂಚದ ಕೆಳಗೆ ಟ್ರಂಕಿನಲ್ಲಿವೆ,
ಉಳಿದವನ್ನು ನಾನು ಹೊಲಿಯಲೇ ಇಲ್ಲ.

ಗೋಡೆಯ ಮೇಲೆ ಬರೆದಿದ್ದೀಯ: ಅದೃಶ್ಯ ಶ್ರಮ.
ಯಾರಿಗೆ ಅದೃಶ್ಯ?
ನನಗೆ ಕಾಣುತ್ತಿತ್ತಲ್ಲ.
ಮೂರನೇ ಮಹಡಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸುತ್ತಿದ್ದೆ,
ಸಾನಿತಾದ ಆ ಇಕ್ಕಟ್ಟು ಗಲ್ಲಿಯಲ್ಲಿ
ಸ್ಕೂಟರ್ ಆರಿಸದೆ ನಿಂತಿರುತ್ತಿದ್ದ ಸಬಾತೀನೋ.
ಬೆರಳು ಬೆರಳಾಗಿ ಕತ್ತರಿಸಿದ ಕಟ್ಟು ಮೇಲಕ್ಕೆ,
ಹೊಲಿದ ಕಟ್ಟು ಕೆಳಕ್ಕೆ.
ದಾರ ನನ್ನದು, ಸೂಜಿ ನನ್ನದು, ಕರೆಂಟು ನನ್ನದು,
ಕಣ್ಣೂ ನನ್ನದೇ.
ನೀನೂ ಕೆಳಮನೆಯ ಕಿಟಕಿಯಿಂದ ನೋಡುತ್ತಿದ್ದೆ,
ಬುಟ್ಟಿ ಹಾದಾಗ ಕೈ ಹಾಕಿ ಎಳೆಯುತ್ತಿದ್ದೆ.

ಜನಗಣತಿಯವನು ಬಂದಿದ್ದ ಒಂದು ಸಲ.
ಹೆಂಡತಿಗೆ ಏನು ಕೆಲಸ?
ನನ್ನ ಹಲ್ಲಿನ ನಡುವೆ ದಾರವಿತ್ತು.
ಏನಿಲ್ಲ, ಮನೆಯಲ್ಲೇ ಇರ್ತಾಳೆ, ಅಂದ ಕೈ ಹಿಡಿದವನು.
ಮರುವರ್ಷ ಅವನೇ ಕೈ ಕೊಟ್ಟು ಹೋದ.
ಅವನ ತಾಯಿಯನ್ನು ನನ್ನ ಕೈಗೆ ಹಾಕಿ.

ಮೂಲೆಯ ಪೆಟ್ಟಿಗೆಯಿಂದ ಬರುವ ಸದ್ದು ನನ್ನ ಮಿಷನ್ನಿನದು,
ಕೆಮ್ಮಿನಿಂದಲೇ ಗುರುತು ಹಿಡಿದೆ.
ಚಳಿಗಾಲದಲ್ಲಿ ನೀನು ಒಂದಿಡೀ ರಾತ್ರಿ ಹಿಡಿದುಕೊಂಡದ್ದು.
ಆದರೆ ಎಷ್ಟು ಸಲೀಸಾಗಿ ಓಡುತ್ತಿದೆಯಲ್ಲ,
ನಡುವೆ ಅತ್ತೆ ಕೂಗಿದ್ದು ಎಲ್ಲಿ?
ನುನ್ಸಿಯಾ, ನುನ್ಸಿಯಾ, ಹನ್ನೊಂದು ಸಲ.
ಹನ್ನೊಂದು ಸಲ ಎದ್ದೆ, ಒದ್ದೆ ಹಾಸಿಗೆ ಬದಲಿಸಿದೆ,
ಕೈ ತೊಳೆದು, ಒಣಗಿಸಿ, ಮತ್ತೆ ಕೂತೆ.
ಗದ್ದಲವೆಂದು ಅದನ್ನೇ ಕತ್ತರಿಸಿಬಿಟ್ಟಿದ್ದೀಯ.

ಇನ್ನೊಂದು ಮಾತು, ಬೇಜಾರಾಗಬೇಡ.
ಟ್ರಂಕಿನಲ್ಲಿದ್ದ ನೂರು ಸಾಲದು,
ಇನ್ನಿನ್ನೂರು ಹೊಲಿದುಕೊಡಿ ಅಂದೆ. ಕಲೆಗಾಗಿ ಅಂದೆ.
ಪುಸ್ತಕದಲ್ಲಿ ಹೆಸರು ಹಾಕುತ್ತೇನೆ ಅಂದೆ.
ಸಬಾತೀನೋ ಕಳ್ಳ, ಗೊತ್ತು.
ಆದರೂ ಡಜನ್ನಿಗಿಷ್ಟು ಅಂತ ಬಾಯಿ ಬಿಟ್ಟು ಹೇಳುತ್ತಿದ್ದ.
ಲೆಕ್ಕ ಬರೆದು ತಂದಿದ್ದೇನೆ, ಹಾಲಿನ ಚೀಟಿಯ ಹಿಂದೆ.
ದಾರವನ್ನೂ ಸೇರಿಸಿದ್ದೇನೆ ಈ ಸಲ.

ಐದನೇ ಸಾಲಿನಲ್ಲಿ ಬೂದು ಬಣ್ಣದ್ದೊಂದಿದೆ, ನೋಡು,
ಹೆಬ್ಬೆರಳು ತಿರುಚಿಕೊಂಡಿದೆ.
ಅದು ನನ್ನ ಹೊಲಿಗೆಯಲ್ಲ.
ಇಮ್ಮಾಗೆ ಆಗ ಒಂಬತ್ತು. ನನಗೆ ಜ್ವರ,
ಬೆಳಗಾದರೆ ಬುಟ್ಟಿ ಇಳಿಯಬೇಕು.
ಕುರ್ಚಿಗೆ ದಿಂಬು ಹಾಕಿ, ಎತ್ತರ ಮಾಡಿಕೊಂಡು,
ನನಗೆ ಗೊತ್ತಾಗದ ಹಾಗೆ ಹೊಲಿದಿದ್ದಾಳೆ.
ಅದೊಂದು ಜೊತೆಗೆ ಇಡೀ ಡಜನ್ನಿನ ದುಡ್ಡು ಹೋಯಿತು.
ಅವತ್ತು ಅವಳ ಮೇಲೆ ಕೈ ಮಾಡಿದೆ.
ಎಡಗೈ.
ಬಲಗೈಯಲ್ಲಿ ಸೂಜಿಯಿತ್ತು.

ಉಳಿದದ್ದನ್ನು ಯಾರಿಗೆ ಬೇಕಾದರೂ ಮಾರು.
ಅದನ್ನು ಇಳಿಸಿ ಕೊಡು, ಏಣಿ ನಾನು ಹಿಡಿದುಕೊಳ್ಳುತ್ತೇನೆ.
ಮತ್ತೆ ಆ ಮೇಜು,
ಭಾನುವಾರದೊಳಗೆ. ಇಮ್ಮಾ ಊಟಕ್ಕೆ ಬರುತ್ತಾಳೆ.